ನಮ್ಮ ಗೋವಿನಜೋಳದ ಸುಳಿಯಲ್ಲಿ ಕೂತ ಹುಳುವಿಗೆ ಒಂದು ಬಹಿರಂಗ ಪತ್ರ

ಸೈನಿಕ ಹುಳುವೇ,

ಗೋವಿನಜೋಳ ಬಿತ್ತಿ ಇವತ್ತಿಗೆ 24 ದಿನ. ಮೃಗಶಿರಾ ಮಳೆ ಹದ ಕೊಟ್ಟಿತು, ಜೂನ್ 12ಕ್ಕೆ ಕೂರಿಗೆ ಹೂಡಿದೆವು. ಆರಿದ್ರಾ ಹನಿ ಹಾಕುತ್ತಲೇ ಕಳೆದುಹೋಯಿತು. ಈಗ ಪುನರ್ವಸು ಹೂಡಿದೆ, ಪೈರು ಮೊಣಕಾಲಿಗೆ ಬಂದಿದೆ. ಇವತ್ತು ಮುಂಜಾನೆ ಇಬ್ಬನಿ ಆರುವ ಮೊದಲೇ ಹೊಲಕ್ಕೆ ಇಳಿದಿದ್ದೆ. ಬದುವಿನಿಂದ ಏಳನೆಯ ಸಾಲಿನಲ್ಲಿ ಒಂದು ಗಿಡದ ಎಲೆಯ ಮೇಲೆ ಉಗುರಗಲದ ಬಿಳಿ ಕಲೆ ಕಂಡಿತು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಸಿರನ್ನೆಲ್ಲ ನೀನು ಕೆರೆದು ತಿಂದು, ಹಿಂಬದಿಯ ತೆಳು ಪೊರೆಯೊಂದನ್ನೇ ಬಿಟ್ಟಿದ್ದೆ. ಎಣ್ಣೆ ಹತ್ತಿದ ಕಾಗದದ ಹಾಗೆ ಅದರೊಳಗಿಂದ ಬೆಳಕು ಬರುತ್ತಿತ್ತು. ಈ ವರ್ಷವೂ ನೀನು ಬಂದೆ ಎಂದು ತಿಳಿಯಿತು.

ಹುಳುವಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ಮನೆಯವಳು ಕೇಳಿದಳು. ನಾನು ಬರೆಯಲೇಬೇಕು. ಈ ಬೆಳೆಯ ಎಳೆತನದ ಬಗ್ಗೆ ನನಗಿವತ್ತು ಏನಾದರೂ ತಿಳಿದಿದ್ದರೆ ಅದರಲ್ಲಿ ಮುಕ್ಕಾಲು ಪಾಲು ನಿನ್ನಿಂದ ಪೆಟ್ಟು ತಿಂದ ಮೇಲೆ ತಿಳಿದದ್ದು. ಆ ಮಾತನ್ನು ನಿನಗೆ ಹೇಳಿದರೆ ನನ್ನಂಥ ನಾಲ್ಕು ಜನ ರೈತರೂ ಕೇಳಿಸಿಕೊಳ್ಳುತ್ತಾರೆ ಎಂಬ ಆಸೆಯಿಂದ ಎಲ್ಲರೆದುರೇ ಬರೆಯುತ್ತಿದ್ದೇನೆ.

ನೀನು ಈ ನೆಲದವನಲ್ಲ. ನಿನ್ನ ಮೂಲ ಅಮೆರಿಕ ಖಂಡದ ಉಷ್ಣವಲಯ. ನಮ್ಮ ಗೋವಿನಜೋಳವೂ ಆ ಕಡೆಯದೇ. ಮೆಕ್ಸಿಕೋದ ಬೇಸಾಯಗಾರರು ಸಾವಿರಾರು ವರ್ಷ ಪಳಗಿಸಿದ ಬೆಳೆ ಅದು. ಕಾಳು ಮೊದಲು ಹಡಗು ಹತ್ತಿ ಬಂತು, ನೀನು ಕೆಲವು ನೂರು ವರ್ಷ ತಡವಾಗಿ ಬಂದೆ. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಿನ್ನನ್ನು ಗುರುತಿಸಿದರು. ಭಾರತದಲ್ಲಿ ನಿನ್ನ ಮೊದಲ ಹೆಜ್ಜೆ ದಾಖಲಾದದ್ದು ನಮ್ಮ ಕರ್ನಾಟಕದಲ್ಲೇ. ಶಿವಮೊಗ್ಗದಿಂದ ನಮ್ಮ ರಾಣೇಬೆನ್ನೂರು ಸೀಮೆ ಮಹಾ ಎಷ್ಟು ದೂರ? ನಿನ್ನ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಆ ಮುಂಗಾರಿನಲ್ಲೇ ನೀನು ನಮ್ಮ ಹೊಲದಲ್ಲಿದ್ದೆ.

ನೀನು ಬರುವ ಮೊದಲು ಈ ಬೆಳೆಗೆ ನಮ್ಮ ಕಡೆ ಒಂದು ಹೆಸರಿತ್ತು: ಬಿತ್ತಿ ಬಿಡುವ ಬೆಳೆ. ನಮ್ಮಪ್ಪನ ಕಾಲದಲ್ಲಿ ಇದೇ ಹೊಲದಲ್ಲಿ ಹತ್ತಿ, ಶೇಂಗಾ, ಬಿಳಿಜೋಳ ಇದ್ದವು. ಹತ್ತಿಗೆ ಕಾಯಿಕೊರಕ ಬಂತು, ಔಷಧಿಯ ಸಾಲ ಬಂತು, ಶೇಂಗಾ ಬಿಡಿಸಲು ಆಳು ಸಿಗದಂತಾಯಿತು. ಆಗ ಬಂದದ್ದು ಗೋವಿನಜೋಳ. ಬಿತ್ತು, ಒಂದು ಸಲ ಎಡೆ ಹೊಡಿ, ಯೂರಿಯಾ ಚೆಲ್ಲು, ತೆನೆ ಒಣಗಿದ ಮೇಲೆ ಮುರಿ, ಮಷೀನಿಗೆ ಹಾಕಿ ಚೀಲ ತುಂಬು. ನಡುವೆ ಹೊಲಕ್ಕೆ ಹೋಗದಿದ್ದರೂ ನಡೆಯುತ್ತಿತ್ತು. ಬೆಳೆ ಹೊಲದಲ್ಲಿರುವಾಗಲೇ ಹುಡುಗರು ಹುಬ್ಬಳ್ಳಿ, ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಿದ್ದರು. ನಾನೂ ಒಂದೆರಡು ವರ್ಷ ಹಾಗೆಯೇ ಮಾಡಿದೆ. ನಮ್ಮಪ್ಪ ಮಾತ್ರ ದಿನಕ್ಕೊಮ್ಮೆ ಹೊಲ ಸುತ್ತದೆ ಊಟಕ್ಕೆ ಕೂರುತ್ತಿರಲಿಲ್ಲ. "ಬೆಳಿ ಬೆಳೀತೈತಿ, ನೀ ಏನ್ ನೋಡ್ತಿ ಯಪ್ಪಾ" ಎಂದರೆ, "ಅದು ನನ್ನ ನೋಡಲಿ ಬಿಡು" ಎನ್ನುತ್ತಿದ್ದ. ಆಗ ಅದರ ಅರ್ಥ ನನಗಾಗಿರಲಿಲ್ಲ.

2018ರಲ್ಲಿ ಏನಾಯಿತು ಎಂಬುದನ್ನು ನೀನು ಸುಳಿಯೊಳಗೆ ಕೂತೇ ಕಂಡಿದ್ದೀಯ. ನಾನು ಹೊಲಕ್ಕೆ ಹೋದದ್ದು ಬಿತ್ತಿದ 35ನೆಯ ದಿನ, ಯೂರಿಯಾ ಚೀಲ ಹೊತ್ತುಕೊಂಡು. ದೂರದಿಂದಲೇ ಪೈರು ಹರಿದ ಅರಿವೆಯ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಎಲೆಗೆಲ್ಲ ಸಾಲಾಗಿ ತೂತು. ಸುಳಿಯ ತುಂಬ ಒದ್ದೆ ಕಟ್ಟಿಗೆ ಪುಡಿಯಂಥ ಹಿಕ್ಕೆ. ನಿನ್ನನ್ನು ನಮ್ಮ ಜನ ಲದ್ದಿ ಹುಳು ಎಂದು ಯಾಕೆ ಕರೆದರು ಎಂಬುದು ಅವತ್ತು ಗೊತ್ತಾಯಿತು. ಸುಳಿ ಬಿಡಿಸಿದರೆ ಒಳಗೆ ಒಂದೂಕಾಲು ಅಂಗುಲದ ನೀನು. ತಲೆಯ ಮೇಲೆ ತಿರುವುಮುರುವಾದ ಇಂಗ್ಲಿಷ್ ವೈ ಅಕ್ಷರದ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಆ ನಾಲ್ಕು ಚುಕ್ಕೆಯನ್ನು ಈಗ ನಮ್ಮ ಮನೆಯ ಎಂಟು ವರ್ಷದ ಹುಡುಗಿಯೂ ಗುರುತಿಸುತ್ತಾಳೆ.

ನಾನು ಅಂಗಡಿಗೆ ಓಡಿದೆ. ಯಾವ ಊರಿನ ಯಾವ ಅಂಗಡಿ ಎಂದು ಹೇಳುವುದಿಲ್ಲ. ಮೂರು ಬಾಟಲಿ ಕೊಟ್ಟು, ಮೂರನ್ನೂ ಕಲಸಿ ಹೊಡಿ ಎಂದರು. ಎಷ್ಟು ದಿನದ ಬೆಳೆ, ಹುಳು ಎಷ್ಟು ಉದ್ದವಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನ ಹನ್ನೆರಡರ ಬಿಸಿಲಿನಲ್ಲಿ, ಮುಖಕ್ಕೆ ಒಂದು ಟವೆಲ್ ಕಟ್ಟಿಕೊಂಡು ಮೂರು ಎಕರೆಗೆ ಹೊಡೆದೆ. ಎರಡು ದಿನ ತಲೆ ಸುತ್ತಿ ಮಲಗಿದೆ. ನಿನಗೆ ಏನೂ ಆಗಲಿಲ್ಲ. ಹಗಲು ಹೊತ್ತು ನೀನು ಸುಳಿಯ ತಳದಲ್ಲಿ ನಿನ್ನದೇ ಹಿಕ್ಕೆಯ ಬಿರಡೆಯ ಕೆಳಗೆ ಮಲಗಿದ್ದೆ. ಔಷಧಿ ಎಲೆಯ ಮೇಲೆ ಬಿದ್ದು ಹರಿದುಹೋಯಿತು. ರಾತ್ರಿ ಮೇಲೆ ಬಂದು ಮತ್ತೆ ತಿಂದೆ. ಎಕರೆಗೆ 20 ಕ್ವಿಂಟಲ್ ಕೊಡುವ ಹೊಲದಲ್ಲಿ ಆ ವರ್ಷ 12 ಆಯಿತು.

ಆಮೇಲೆ ತಿಂಗಳುಗಟ್ಟಲೆ ನಾನು ನಿನ್ನ ಬಗ್ಗೆ ಕೇಳಿ ತಿಳಿದೆ. ಧಾರವಾಡದ ಕೃಷಿ ಮೇಳಕ್ಕೆ ಹೋದೆ, ಕೃಷಿ ವಿಜ್ಞಾನ ಕೇಂದ್ರದ ತರಬೇತಿಯಲ್ಲಿ ಕೂತೆ. ನಿನ್ನ ಹೆಣ್ಣು ಪತಂಗ ಒಂದು ಸಲಕ್ಕೆ ನೂರು ಇನ್ನೂರು ಮೊಟ್ಟೆಗಳ ಗುಂಪಿಟ್ಟು ಅದರ ಮೇಲೆ ಬೂದು ಬಣ್ಣದ ತುಪ್ಪಳ ಹೊದಿಸುತ್ತದೆ. ಎರಡು ಮೂರು ದಿನಕ್ಕೆ ಒಡೆಯುತ್ತದೆ. ಹೊರಬಂದ ಮರಿಗಳು ನೂಲು ಇಳಿಬಿಟ್ಟು ಗಾಳಿಗೆ ತೂಗಿ ಪಕ್ಕದ ಗಿಡಗಳಿಗೆ ಹೋಗುತ್ತವೆ. ಮೊದಲ ವಾರ ಎಲೆ ಕೆರೆಯುವುದಷ್ಟೇ. ಆಮೇಲೆ ಸುಳಿಗೆ ಇಳಿಯುತ್ತವೆ, ಒಂದನ್ನೊಂದು ತಿನ್ನುತ್ತವೆ, ಕೊನೆಗೆ ಒಂದು ಸುಳಿಗೆ ಒಂದೇ ಉಳಿಯುತ್ತದೆ. ಎರಡು ಮೂರು ವಾರಕ್ಕೆ ಬೆಳೆದು ಮಣ್ಣಿಗೆ ಇಳಿದು ಕೋಶವಾಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಹೆಚ್ಚುಕಡಿಮೆ ಒಂದು ತಿಂಗಳಿಗೆ ಒಂದು ತಲೆಮಾರು. ಇಷ್ಟರಲ್ಲಿ ನಾವು ಸುಲಭವಾಗಿ ನಿನ್ನ ಮೇಲೆ ಕೈಮಾಡಬಹುದಾದದ್ದು ಆ ಮೊದಲ ಒಂದು ವಾರ ಮಾತ್ರ. ಆ ವಾರದಲ್ಲಿ ನೀನು ನೂಲಿನೆಳೆಯಷ್ಟು ಇರುತ್ತೀಯ, ರಸ್ತೆಯ ಮೇಲೆ ಬೈಕ್ ನಿಲ್ಲಿಸಿ ನೋಡಿದವನಿಗೆ ಕಾಣುವುದಿಲ್ಲ. ಸಾಲಿನೊಳಗೆ ನಡೆದು ಸುಳಿಗೆ ಕಣ್ಣಿಟ್ಟವನಿಗಷ್ಟೇ ಕಾಣುತ್ತೀಯ.

ಅದಕ್ಕೇ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. 2018ರಲ್ಲಿ ನನ್ನನ್ನು ಸೋಲಿಸಿದ್ದು ನಿನ್ನ ಹಲ್ಲಿಗಿಂತ ಹೆಚ್ಚಾಗಿ ನಾನು ಹೊಲಕ್ಕೆ ಹೋಗದೇ ಇದ್ದ ಆ 34 ದಿನ. "ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂದು ನಮ್ಮ ಹಿರಿಯರು ಅನ್ನುತ್ತಿದ್ದರು. ನಾನು ಆಳಿಗೂ ಬಿಟ್ಟಿರಲಿಲ್ಲ, ಮಗನಿಗೂ ಬಿಟ್ಟಿರಲಿಲ್ಲ. ಮಳೆಗೆ ಬಿಟ್ಟಿದ್ದೆ.

ನಿನ್ನನ್ನು ಹುಡುಕಲು ಹೊಲದೊಳಗೆ ನಡೆಯಲು ಶುರು ಮಾಡಿದ ಮೇಲೆ ನನಗೆ ಪೈರೇ ಕಾಣತೊಡಗಿತು. ಮೊಳಕೆಯಾದ ಮೂರು ನಾಲ್ಕು ವಾರ ಗೋವಿನಜೋಳದ ಬೆಳೆಯುವ ತುದಿ ಮಣ್ಣಿನೊಳಗೇ ಇರುತ್ತದೆ. ಮೇಲೆ ಕಾಣುವ ಸುಳಿ ಎಲೆಗಳು ಸುತ್ತಿಕೊಂಡ ಕೊಳವೆ ಮಾತ್ರ. ಆಡು ಬಂದು ಎಲೆ ಮೇಯ್ದುಹೋದರೂ ಈ ವಯಸ್ಸಿನಲ್ಲಿ ಗಿಡ ಮತ್ತೆ ಚಿಗುರುತ್ತದೆ. ನೀರು ನಿಂತರೆ ಮಾತ್ರ ತಡೆಯದು. ಎರಡು ಮೂರು ದಿನ ನೀರು ನಿಂತ ತಗ್ಗಿನಲ್ಲಿ ಮಣ್ಣೊಳಗಿನ ಆ ತುದಿಗೆ ಉಸಿರು ಸಿಗದೆ ಗಿಡ ಹಳದಿಯಾಗಿ ಕೂತುಬಿಡುತ್ತದೆ. ನಮ್ಮದು ಎರೆ ಭೂಮಿ. ಮಳೆ ನಿಂತ ಕೂಡಲೇ ಸಲಿಕೆ ಹಿಡಿದು ತಗ್ಗಿನ ನೀರಿಗೆ ದಾರಿ ಮಾಡುವ ಕೆಲಸವನ್ನು ಈಗ ಯಾರಿಗೂ ಹೇಳಿ ಕಳಿಸುವುದಿಲ್ಲ, ನಾನೇ ಹೋಗುತ್ತೇನೆ.

ಐದಾರು ಎಲೆ ಪೂರ್ತಿ ಬಿಚ್ಚಿಕೊಂಡ ಹೊತ್ತಿಗೆ ತುದಿ ಮಣ್ಣಿನಿಂದ ಮೇಲೆ ಬರುತ್ತದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ತೆನೆ ಕಣ್ಣಿಗೆ ಬೀಳಲು ಇನ್ನೂ ತಿಂಗಳಿರುವಾಗಲೇ, ಆ ತೆನೆಯಲ್ಲಿ ಎಷ್ಟು ಸಾಲು ಕಾಳು ಇರಬೇಕು ಎಂಬುದು ಗಿಡದೊಳಗೆ ತೀರ್ಮಾನವಾಗತೊಡಗುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ನಂಬಿಕೆಯಾಗಲಿಲ್ಲ. ಸುಗ್ಗಿಯಲ್ಲಿ ಕೂತು ತೆನೆಯ ಸಾಲು ಎಣಿಸಿದೆ. ಹನ್ನೆರಡು, ಹದಿನಾಲ್ಕು, ಹದಿನಾರು, ಯಾವಾಗಲೂ ಸಮಸಂಖ್ಯೆ. ಮೊಣಕಾಲೆತ್ತರದ ಪೈರಿಗೆ ಹಸಿವಾದರೆ, ಅದರ ಪಾಲನ್ನು ಕಸ ತಿಂದರೆ, ಆ ಲೆಕ್ಕ ಅಲ್ಲೇ ತಪ್ಪುತ್ತದೆ. ಆಮೇಲೆ ಎಷ್ಟು ಯೂರಿಯಾ ಹಾಕಿದರೂ ಕಳೆದ ದಿನ ಹಿಂದಕ್ಕೆ ಬರುವುದಿಲ್ಲ.

ಎಲೆಯ ಭಾಷೆಯೂ ಅಷ್ಟಿಷ್ಟು ಗೊತ್ತಾಯಿತು. ಎಳೆ ಪೈರಿನ ಎಲೆಯ ಅಂಚು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ. ಮೋಡ ಮುಸುಕಿ ನೆಲ ತಂಪಾಗಿದ್ದಾಗ ಬೇರು ಅದನ್ನು ಎಳೆದುಕೊಳ್ಳಲಾರದೆ ಹಾಗಾಗುವುದುಂಟು, ನಾಲ್ಕು ದಿನ ಬಿಸಿಲು ಬಿದ್ದರೆ ತಾನೇ ಸರಿಹೋಗುತ್ತದೆ. ಹೊಸ ಎಲೆಯ ಬುಡದಲ್ಲಿ ನಡುನರದ ಎರಡೂ ಕಡೆ ಬಿಳಿ ಪಟ್ಟೆ ಬಂದರೆ ಸತುವಿನ ಕೊರತೆ. ಕೆಳಗಿನ ಹಳೆಯ ಎಲೆ ತುದಿಯಿಂದ ಹಿಡಿದು ನಡುನರದ ಗುಂಟ ಹಳದಿಯಾದರೆ ಸಾರಜನಕ ಸಾಲದು. ಈ ಮೂರನ್ನೂ ನಾನು ಹಿಂದೆ ಒಂದೇ ಮಾತಿನಲ್ಲಿ "ರೋಗ ಬಂತು" ಎನ್ನುತ್ತಿದ್ದೆ, ಒಂದೇ ಬಾಟಲಿ ತರುತ್ತಿದ್ದೆ.

ಕಸದ ಮಾತು ಹೇಳದೆ ಈ ಪತ್ರ ಪೂರ್ತಿಯಾಗದು. ಮೊದಲ ಮೂವತ್ತರಿಂದ ನಲವತ್ತು ದಿನ ಪೈರಿಗೂ ಕಸಕ್ಕೂ ಸರಿಸಮ ಜಗಳ. ಆ ಮೇಲೆ ಎಲೆ ಸಾಲು ಮುಚ್ಚಿದರೆ ನೆರಳಿಗೆ ಕಸವೇ ಸೋಲುತ್ತದೆ. ಬಿತ್ತಿದ ಎರಡು ಮೂರು ದಿನದೊಳಗೆ ನೆಲ ಹಸಿ ಇದ್ದಾಗ ಕಳೆನಾಶಕ ಹೊಡೆಯುವವರು ಈಗ ಹೆಚ್ಚು. ನಾನು ಅವರನ್ನು ದೂರುವುದಿಲ್ಲ, ಆಳಿನ ಕಷ್ಟ ನನಗೂ ಗೊತ್ತು. ಆದರೆ ನಾನು ಗೋವಿನಜೋಳದ ನಡುವೆ ತೊಗರಿ ಸಾಲು ಇಡುವವನು. ಅಟ್ರಾಜಿನ್ ಕಳೆನಾಶಕ ಹೊಡೆದರೆ ತೊಗರಿಯೂ ಸಾಯುತ್ತದೆ. ಹಾಗಾಗಿ ನಮ್ಮಲ್ಲಿ ಎತ್ತಿನ ಎಡೆಕುಂಟೆಯೇ. ಬಿತ್ತಿದ ಹದಿನೈದು ಹದಿನೆಂಟು ದಿನಕ್ಕೆ ಒಂದು ಸಲ, ಮೂವತ್ತರ ಹೊತ್ತಿಗೆ ಮಣ್ಣೇರಿಸುವಾಗ ಇನ್ನೊಂದು ಸಲ. ಕುಂಟೆಗೆ ಸಿಗದೆ ಗಿಡದ ಬುಡದಲ್ಲೇ ಉಳಿಯುವ ಜೇಕು, ಗರಿಕೆಗೆ ಕೈಯೇ ಬೇಕು. ಆ ಕೆಲಸಕ್ಕೆ ಬರುವ ನಮ್ಮ ಓಣಿಯ ಅಕ್ಕಂದಿರು ಸಾಲಿನ ಗುಂಟ ಕೂತು ಸರಿಯುತ್ತ ಹೋಗುವಾಗ ಅವರ ಕಣ್ಣು ಸುಳಿಯ ಮಟ್ಟದಲ್ಲೇ ಇರುತ್ತದೆ. ಕಳೆದ ವರ್ಷ ನಿನ್ನ ಮೊಟ್ಟೆಯ ಮೊದಲ ಗುಂಪನ್ನು ಕಂಡದ್ದು ನಾನಲ್ಲ, ಅವರಲ್ಲಿ ಒಬ್ಬರು. "ಇಲ್ನೋಡೋ ತಮ್ಮಾ, ಯಾರೋ ಅರಳಿ ಒರಿಸ್ಯಾರ" ಎಂದು ಎಲೆ ತೋರಿಸಿದರು. ನಿಜವಾಗಿಯೂ ಹತ್ತಿ ಒರೆಸಿಟ್ಟ ಹಾಗೇ ಇತ್ತು. ಅವರೇ ಎರಡು ಬೆರಳ ನಡುವೆ ಹಿಡಿದು ಹೊಸಕಿದರು. ನೂರೈವತ್ತು ಹುಳು ಅಲ್ಲಿಗೇ ಮುಗಿಯಿತು, ಒಂದು ಪೈಸೆ ಖರ್ಚಿಲ್ಲ. ಕಸ ತೆಗೆಯುವ ಹೆಂಗಸರಿಗೆ ಸೈನಿಕ ಹುಳುವಿನ ತರಬೇತಿ ಕೊಡಬೇಕೆಂದು ಯಾವ ಸಭೆಯಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮೊದಲು ಕೊಡಬೇಕಾದದ್ದು ಅವರಿಗೆ.

ಇನ್ನು ಆರು ದಿನಕ್ಕೆ ಮೇಲುಗೊಬ್ಬರದ ಹೊತ್ತು. ಮಳೆಯಾಶ್ರಿತ ಗೋವಿನಜೋಳಕ್ಕೆ ಎಕರೆಗೆ 40 ಕಿಲೋ ಸಾರಜನಕದ ಲೆಕ್ಕ. ಅರ್ಧ ಬಿತ್ತುವಾಗ, ಉಳಿದರ್ಧ ತಿಂಗಳ ಪೈರಿಗೆ. ಆ ಅರ್ಧ ಎಂದರೆ 45 ಕಿಲೋದ ಒಂದು ಚೀಲ ಯೂರಿಯಾ, ಅಷ್ಟೇ. ಆ ಒಂದು ಚೀಲಕ್ಕಾಗಿ ನಮ್ಮ ಜಿಲ್ಲೆ ಏನೆಲ್ಲ ಕಂಡಿದೆ! 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಪ್ರಾಣ ಕಳೆದುಕೊಂಡರು. 2025ರ ಮುಂಗಾರಿನಲ್ಲೂ ರಾಜ್ಯದ ಹಲವು ಕಡೆ ಯೂರಿಯಾಕ್ಕೆ ನಸುಕಿನಿಂದಲೇ ಸರದಿ ನಿಂತೆವು. ಇಷ್ಟು ಕಷ್ಟಪಟ್ಟು ತಂದ ಚೀಲವನ್ನು ಒಣ ನೆಲದ ಮೇಲೆ ಚೆಲ್ಲಿ ಬಂದರೆ ಒಂದಷ್ಟು ಗಾಳಿಯ ಪಾಲು. ನೆಲದಲ್ಲಿ ಹಸಿ ಇರಬೇಕು, ಗಿಡದಿಂದ ಒಂದು ಗೇಣು ದೂರ ಹಾಕಬೇಕು, ಹಿಂದೆಯೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಬೇಕು. ಸುಳಿಯಲ್ಲಿ ಗೊಬ್ಬರದ ಕಾಳು ಬಿದ್ದರೆ ಎಲೆ ಸುಡುತ್ತದೆ. ಒಂದು ವಾರ ಹೆಚ್ಚುಕಡಿಮೆಯಾದರೂ ಮಳೆ ನೋಡಿಕೊಂಡೇ ಹಾಕುತ್ತೇನೆ.

ಈಗ ನಿನ್ನ ವಿಷಯಕ್ಕೇ ಬರುತ್ತೇನೆ, ಈ ವರ್ಷ ನಿನ್ನ ಜೊತೆ ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಬೇಸಿಗೆಯಲ್ಲೇ ಆಳವಾಗಿ ನೇಗಿಲು ಹೊಡೆಸಿದ್ದೆ. ಮಣ್ಣಿನಲ್ಲಿದ್ದ ನಿನ್ನ ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗಿದವು, ನೇಗಿಲ ಹಿಂದೆ ಬಂದ ಬೆಳ್ಳಕ್ಕಿ ಒಂದಷ್ಟು ಆರಿಸಿಕೊಂಡವು. ನಮ್ಮ ಓಣಿಯವರೆಲ್ಲ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿದೆವು. ಒಬ್ಬರದು ಮುಂದೆ ಒಬ್ಬರದು ಹಿಂದೆ ಆದರೆ ನಿನಗೆ ಆಗಸ್ಟ್ ಮುಗಿಯುವವರೆಗೂ ಎಳೆ ಸುಳಿಯ ಊಟ. ಎಕರೆಗೆ ಹತ್ತರಂತೆ ಕವಲು ಕೋಲು ನೆಟ್ಟಿದ್ದೇನೆ. ಕಾಜಾಣ ಬಂದು ಕೂರುತ್ತದೆ, ಅದರ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಎಕರೆಗೆ ಐದು ಮೋಹಕ ಬಲೆಗಳಿವೆ. ನಿನ್ನ ಗಂಡು ಪತಂಗ ಬೀಳತೊಡಗಿದ ರಾತ್ರಿಯಿಂದ ನನ್ನ ಎಣಿಕೆ ಶುರು.

ಎರಡು ದಿನಕ್ಕೊಮ್ಮೆ ಹೊಲದ ಐದು ಜಾಗದಲ್ಲಿ ನಿಂತು, ಒಂದೊಂದು ಜಾಗದಲ್ಲಿ ಸಾಲಾಗಿ ಇಪ್ಪತ್ತು ಗಿಡದ ಸುಳಿ ನೋಡುತ್ತೇನೆ. ಒಟ್ಟು ನೂರು ಗಿಡ. ಇವತ್ತು ನೂರರಲ್ಲಿ ನಾಲ್ಕು ಗಿಡಕ್ಕೆ ಬಿಳಿ ಕಲೆ ಇತ್ತು. ನಾಲ್ಕಕ್ಕೆ ಔಷಧಿ ಬೇಡ, ಆ ನಾಲ್ಕು ಗಿಡಗಳ ಮರಿಗಳನ್ನು ಬೆರಳಿನಿಂದಲೇ ತೆಗೆದೆ. ಐದು ದಾಟಿದರೆ ಬೇವಿನ ಬೀಜದ ಕಷಾಯ ಇದೆ, ಬೀಜ ಕುಟ್ಟಿ ನೆನೆಸಲು ಅವ್ವ ಈಗಾಗಲೇ ತೆಗೆದಿಟ್ಟಿದ್ದಾಳೆ. ಹತ್ತನ್ನೂ ದಾಟಿ ಏರುತ್ತ ಹೋದರೆ ಎಮಾಮೆಕ್ಟಿನ್ ಬೆಂಜೋಯೇಟ್, ಲೀಟರ್ ನೀರಿಗೆ 0.4 ಗ್ರಾಂ, ಅದೊಂದೇ, ಏನನ್ನೂ ಕಲಸುವುದಿಲ್ಲ. ಇಳಿಹೊತ್ತಿನಲ್ಲಿ ನೀನು ಮೇಲೆ ಬರುವ ವೇಳೆಗೆ, ನಾಜಲ್ ಅನ್ನು ಸುಳಿಯ ಬಾಯಿಗೇ ಹಿಡಿದು, ಮೈ ಮುಖ ಮುಚ್ಚಿಕೊಂಡು. ಬಲಿತ ಹುಳುವಾಗಿದ್ದರೆ ಅದೂ ದಂಡ. ಆಗ ಅಕ್ಕಿ ತೌಡು, ಬೆಲ್ಲ ಕಲಸಿ ಒಂದು ದಿನ ಹುಳಿ ಬರಿಸಿ, ಶಿಫಾರಸಾದ ಔಷಧಿ ಬೆರೆಸಿದ ವಿಷಪಾಷಾಣವನ್ನು ಸುಳಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. ಅದನ್ನು ಮಾಡಿದ ದಿನ ಮಕ್ಕಳು, ದನ, ನಾಯಿ ಯಾವುದೂ ಹೊಲದ ಕಡೆ ಸುಳಿಯದಂತೆ ಕಾಯಬೇಕು. ಬೆಲ್ಲದ ವಾಸನೆ ಅವಕ್ಕೂ ಹಿಡಿಸುತ್ತದೆ.

ನಿನ್ನನ್ನು ಪೂರ್ತಿ ಮುಗಿಸುತ್ತೇನೆ ಎಂಬ ಹಟ ನನಗಿಲ್ಲ. ಎಲೆಗೆ ತೂತು ಬಿದ್ದ ಮಾತ್ರಕ್ಕೆ ತೆನೆ ಹೋಗುವುದಿಲ್ಲ ಎಂಬುದನ್ನೂ ಕಲಿತಿದ್ದೇನೆ. ಹೊಟ್ಟೆ ತುಂಬಿದ ಪೈರು ನೀನು ತಿಂದದ್ದನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಹರಕು ಎಲೆ ಕಂಡು ಹೆದರಿ ಹೊಡೆದ ಔಷಧಿ ನಿನಗಿಂತ ಮೊದಲು ನಿನ್ನ ಶತ್ರುಗಳನ್ನು ಕೊಲ್ಲುತ್ತದೆ. ಅಂಥ ಒಂದು ಶತ್ರುವನ್ನು ನಾನು 2021ರ ಆಗಸ್ಟ್‌ನಲ್ಲಿ ಕಣ್ಣಾರೆ ಕಂಡೆ. ಎಂಟು ದಿನ ಜಿಟಿಜಿಟಿ ಮಳೆ, ಔಷಧಿ ಹೊಡೆಯಲು ಬಿಡುವಿಲ್ಲ. ಎದೆಮಟ್ಟದ ಪೈರಿನಲ್ಲಿ ನೀನು ಹೇರಳವಾಗಿದ್ದೆ. ಮಳೆ ಬಿಟ್ಟ ಮೇಲೆ ಒಳಗೆ ಹೋದರೆ, ಎಲೆಗಳ ಮೇಲೆ ನೀನು ಅಂಟಿಕೊಂಡು ನಿಂತಿದ್ದೆ, ಮೈಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಮುಟ್ಟಿದರೆ ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿ. ಒಂದೆರಡು ಆಗಲೇ ತಿಳಿ ಹಸಿರಿಗೆ ತಿರುಗಿದ್ದವು, ಬೆರಳಿಗೆ ಹಸಿರು ಪುಡಿ ಹತ್ತಿತು. ಅದು ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರ. ಹಿಂದೆ ನೊಮುರಿಯಾ ಎನ್ನುತ್ತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದನ್ನು ಅಕ್ಕಿಯ ಮೇಲೆ ಬೆಳೆಸಿ ರೈತರಿಗೆ ಕೊಡುವುದನ್ನು ನಾನು ಕಂಡಿದ್ದೇನೆ. ಆ ವರ್ಷ ನನಗೆ ಅದನ್ನು ಯಾರೂ ಮಾರಲಿಲ್ಲ, ಮಳೆಯೇ ತಂದು ಹಚ್ಚಿತು. ಪಕ್ಕದ ಹೊಲದ ದೊಡ್ಡಪ್ಪನನ್ನು ಕರೆದು ತೋರಿಸಿದೆ. ಸತ್ತ ಹುಳುವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ ಆತ ಅಂದ: "ನಾವು ಹೊಡದಿದ್ರ ಇದನ್ನೂ ಕೊಲ್ತಿದ್ವಿ."

ಒಂದು ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳುತ್ತೇನೆ. ದಾವಣಗೆರೆಯಿಂದ ಹಾವೇರಿಯವರೆಗೆ ಹೆದ್ದಾರಿಯ ಎರಡೂ ಕಡೆ ಕಣ್ಣು ಹಾಯುವಷ್ಟು ಒಂದೇ ಬೆಳೆ ಬಿತ್ತಿ ನಿನಗೆ ಪಂಕ್ತಿ ಹಾಕಿದವರು ನಾವು. ನಮ್ಮಜ್ಜಿ ಜೋಳದ ಹೊಲದಲ್ಲಿ ಅಕ್ಕಡಿ ಬಿಡದೆ ಬಿತ್ತುತ್ತಿದ್ದಳು. ತೊಗರಿ, ಅವರೆ, ಹೆಸರು, ಬದುವಿಗೆ ಪುಂಡಿ. ಮನೆಗೆ ಬೇಳೆ ಆಗುತ್ತಿತ್ತು, ಹುಳು ತಿನ್ನುವ ಹುಳುಗಳಿಗೂ ಮನೆ ಆಗುತ್ತಿತ್ತು. ನಾನು ನಾಲ್ಕು ವರ್ಷದಿಂದ ಮೂರು ಸಾಲು ಗೋವಿನಜೋಳಕ್ಕೆ ಒಂದು ಸಾಲು ತೊಗರಿ ಇಡುತ್ತಿದ್ದೇನೆ. ಮಷೀನು ಆಡಿಸಲು ಅಡಚಣೆ ಎಂದು ಬೈದವರಿದ್ದಾರೆ. ಬೆಲೆ ಬಿದ್ದ ವರ್ಷ ಆ ತೊಗರಿಯೇ ನನ್ನನ್ನು ಕಾದಿತು. 2025–26ಕ್ಕೆ ಗೋವಿನಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಸುಗ್ಗಿಯಲ್ಲಿ ಮಾರುಕಟ್ಟೆ ಅದರ ಹತ್ತಿರವೂ ಬರಲಿಲ್ಲ, ಖರೀದಿ ಕೇಂದ್ರ ತೆರೆಯಿರಿ ಎಂದು ರೈತರು ಲಕ್ಷ್ಮೇಶ್ವರದಲ್ಲಿ, ಹಾವೇರಿಯಲ್ಲಿ ಧರಣಿ ಕೂರಬೇಕಾಯಿತು. ಅಂಥ ಬೆಲೆಗೆ ಮಾರುವ ಬೆಳೆಗೆ ಬೇಡದ ಒಂದು ಬಾಟಲಿಯೂ ಭಾರ.

ನಿನಗೆ ಹೇಳುವುದು ಇಷ್ಟೇ. ಇನ್ನು ನಾಲ್ಕು ಮಾತು ಈ ಪತ್ರ ಓದುತ್ತಿರುವ ನನ್ನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ. ನೀವು ಮುಸುಕಿನ ಜೋಳ ಅನ್ನಿ, ಮೆಕ್ಕೆಜೋಳ ಅನ್ನಿ, ನಿಮ್ಮ ಪೈರಿಗೂ ಈಗ ಇಪ್ಪತ್ತು ಮೂವತ್ತು ದಿನ ಆಗಿರಬೇಕು. ಅಂಗಡಿಗೆ ಹೋಗುವ ಮೊದಲು ಹೊಲಕ್ಕೆ ಹೋಗಿ. ಮುಂಜಾನೆ ಬಿಸಿಲು ಏರುವ ಮೊದಲು ಐದು ಜಾಗದಲ್ಲಿ ನಿಲ್ಲಿ, ಒಂದೊಂದು ಕಡೆ ಇಪ್ಪತ್ತು ಗಿಡದ ಸುಳಿ ಬಿಡಿಸಿ ನೋಡಿ, ಎಣಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಕಣ್ಣು ಸೂಕ್ಷ್ಮ. ಮೂರು ಎಕರೆ ಹೊಲಕ್ಕೆ ಇದಕ್ಕೆ ಹಿಡಿಯುವುದು ಮುಕ್ಕಾಲು ತಾಸು. ನಾಳಿದ್ದು ನಾನು ಮತ್ತೆ ಹೋಗುತ್ತೇನೆ, ನೀವೂ ಹೋಗಿ.

ಇಂತಿ,
ರಾಣೇಬೆನ್ನೂರು ಕಡೆಯ ಒಬ್ಬ ಗೋವಿನಜೋಳದ ರೈತ